ಗಂಗವ್ವನ ಬೆಲ್ಲ ಮತ್ತು ಎರಡು ಫೋನು

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನಾನು ಬೈಲಹೊಂಗಲದಲ್ಲಿ ಆಹಾರ ಸುರಕ್ಷತಾ ಅಧಿಕಾರಿಯಾಗಿದ್ದೆ. ಕಿತ್ತೂರು, ಸವದತ್ತಿ, ರಾಮದುರ್ಗಗಳ ಹೆಚ್ಚುವರಿ ಹೊಣೆಯೂ ನನ್ನ ತಲೆಯ ಮೇಲೇ ಇತ್ತು. ಎಣ್ಣೆ, ಖಾರದ ಪುಡಿ, ಖವಾ, ಬೆಲ್ಲ ಯಾವುದರ ಮೇಲೆ ದೂರು ಬಂದರೂ ಹೋಗಿ ಸ್ಯಾಂಪಲ್ ತೆಗೆಯಬೇಕು, ಅದನ್ನು ನಾಲ್ಕು ಪಾಲು ಮಾಡಿ ಸೀಲ್ ಹಾಕಬೇಕು, ಪ್ರಯೋಗಾಲಯಕ್ಕೆ ಕಳಿಸಬೇಕು. ವರದಿ ಬರುವವರೆಗೆ ಯಾರನ್ನೂ ಕಳ್ಳ ಎನ್ನುವಂತಿಲ್ಲ. ಇಷ್ಟು ಸರಳವಾದ ನಿಯಮವನ್ನು ಒಂದೇ ಒಂದು ಫೋಟೋ ಹೇಗೆ ಗಾಳಿಗೆ ತೂರಿತು ಎಂಬುದನ್ನು ಹೇಳಲು ಹೊರಟಿದ್ದೇನೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊದಲು ಬೆಲ್ಲದ ವಿಷಯ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಕೊಳೆ ತೆಗೆದು, ಪಾಕ ಮಾಡಿ ಅಚ್ಚಿಗೆ ಹೊಯ್ದರೆ ಬರುವ ಬೆಲ್ಲ ಕಂದು ಬಣ್ಣದ್ದು. ನಮ್ಮ ಜನಕ್ಕೆ ಅದು ಹಿಡಿಸುವುದಿಲ್ಲ. ಬಂಗಾರದಂತೆ ಹಳದಿಯಾಗಿ ಹೊಳೆಯಬೇಕು. ಅದಕ್ಕಾಗಿ ಕೆಲವರು ಕುದಿಯುವ ಹಾಲಿಗೆ ಹೈಡ್ರೋಸ್ ಎಂಬ ಬಿಳಿ ಪುಡಿ ಸುರಿಯುತ್ತಾರೆ. ಬಟ್ಟೆಯ ಬಣ್ಣ ತೆಗೆಯಲು ಬಳಸುವ ರಾಸಾಯನಿಕ ಅದು. ನನ್ನ ಸೇವೆಯಲ್ಲಿ ಅಂಥ ಗಾಣಗಳಿಗೆ, ಅಂದರೆ ಆಲೆಮನೆಗಳಿಗೆ, ನೋಟೀಸ್ ಕೊಟ್ಟಿದ್ದೇನೆ, ಕೋರ್ಟಿಗೆ ಅಲೆದಿದ್ದೇನೆ, ಬೈಗುಳವನ್ನೂ ತಿಂದಿದ್ದೇನೆ. ಹೀಗಾಗಿ ಹಳದಿ ಬೆಲ್ಲ ಕಂಡರೆ ಹುಬ್ಬು ಗಂಟಿಕ್ಕುವುದು ನನಗೂ ಅಭ್ಯಾಸವೇ.

ಸವದತ್ತಿ ರಸ್ತೆಯ ಒಂದು ಹಳ್ಳಿಯಲ್ಲಿ ಗಂಗವ್ವ ಎಂಬಾಕೆಯ ಗಾಣವಿತ್ತು. ಗಂಡ ತೀರಿಕೊಂಡ ಮೇಲೆ ತಾನೇ ಕೊಪ್ಪರಿಗೆಯ ಮುಂದೆ ನಿಂತು ಗಾಣ ನಡೆಸಿದ ಗಟ್ಟಿಗಿತ್ತಿ. ಹೈಡ್ರೋಸ್ ಮುಟ್ಟುತ್ತಿರಲಿಲ್ಲ. ಬೆಂಡೆ ಗಿಡ ಜಜ್ಜಿದ ಲೋಳೆ ಹಾಕಿ ಕೊಳೆ ತೆಗೆಯುತ್ತಿದ್ದಳು. ಅವಳ ಬೆಲ್ಲ ಸುಟ್ಟ ಹೆಂಚಿನಂತೆ ಕಂದಾಗಿರುತ್ತಿತ್ತು. ಬೆಳಗಾವಿಯ ಒಬ್ಬ ಅಂಗಡಿಕಾರ ಅದನ್ನು ‘ರಾಸಾಯನಿಕವಿಲ್ಲದ ಬೆಲ್ಲ’ ಎಂದು ಚೀಟಿ ಅಂಟಿಸಿ ಮಾರುತ್ತಿದ್ದ.

ಗಂಗವ್ವನ ಮನೆಯಲ್ಲಿ ಎರಡು ದುಬಾರಿ ಫೋನುಗಳಿದ್ದವು. ಒಂದು ಅವಳ ಮೈದುನನ ಮಗ ಈರಣ್ಣನದು. ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡ ಅವನು ಒಂದು ಕಂಪನಿಯ ಎಲ್ಲಕ್ಕಿಂತ ಮೇಲಿನ ಮಾಡೆಲ್ ಕೊಂಡಿದ್ದ. ಇನ್ನೊಂದು ಮಗಳು ಶೈಲಾಳದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳ ಬಳಿ ಇದ್ದದ್ದು ಎದುರಾಳಿ ಕಂಪನಿಯ ಅಷ್ಟೇ ಮೇಲಿನ ಮಾಡೆಲ್. ಕಂಪನಿಗಳ ಹೆಸರು ನಾನು ಹೇಳುವುದಿಲ್ಲ, ಪುಕ್ಕಟೆ ಜಾಹೀರಾತು ಅವರಿಗೆ ಯಾಕೆ? ಈರಣ್ಣನದು ಕರಿ ಫೋನು, ಶೈಲಾಳದು ಬಿಳಿ ಫೋನು ಎಂದಿಟ್ಟುಕೊಳ್ಳೋಣ. ಹಬ್ಬ, ಮದುವೆ, ಸೀಮಂತ ಏನೇ ಇರಲಿ, ಇಬ್ಬರೂ ಅಕ್ಕಪಕ್ಕ ನಿಂತು ಫೋಟೋ ತೆಗೆದು ಯಾರ ಕ್ಯಾಮೆರಾ ಮೇಲು ಎಂದು ಜಗಳ ಕಾಯುವುದು ಆ ಮನೆಯ ವಾಡಿಕೆಯಾಗಿತ್ತು. ತನ್ನದರಲ್ಲಿ ಚಂದ ಬರುತ್ತದೆ ಎಂದು ಅವನ ವಾದ. ತನ್ನದರಲ್ಲಿ ಇದ್ದಂಗೆ ಬರುತ್ತದೆ ಎಂದು ಅವಳ ವಾದ. ಮನೆಮಂದಿಯೂ ಎರಡು ಪಾರ್ಟಿಯಾಗಿದ್ದರು.

ಆ ಭಾಗದಲ್ಲಿ ಹಂಗಾಮಿನ ಮೊದಲ ಪೆಂಟಿಯನ್ನು, ಅಂದರೆ ಮೊದಲ ಬೆಲ್ಲದ ಉಂಡೆಯನ್ನು, ಮಾರುವುದಿಲ್ಲ. ಹಿತ್ತಾಳೆಯ ತಟ್ಟೆಯಲ್ಲಿಟ್ಟು ವಿಭೂತಿ ಹಚ್ಚಿ, ಹೂವೇರಿಸಿ, ಕೊಪ್ಪರಿಗೆಯ ಮುಂದೆ ಪೂಜೆ ಮಾಡುತ್ತಾರೆ. ಆಮೇಲೆ ಅದು ಊರ ಗುಡಿಯ ದಾಸೋಹದ ಹುಗ್ಗಿಗೆ ಹೋಗುತ್ತದೆ. ಆ ವರ್ಷವೂ ಗಂಗವ್ವ ಹಾಗೇ ಪೂಜೆ ಮಾಡಿದಳು. ಈರಣ್ಣ ತನ್ನ ಕರಿ ಫೋನಿನಲ್ಲಿ ತಟ್ಟೆಯ ಫೋಟೋ ತೆಗೆದು, ಗಡಿಬಿಡಿಯಲ್ಲಿ ಅದನ್ನು ಸರಿಯಾಗಿ ನೋಡದೆಯೇ, ‘ಹೊಸ ಮಾಲು ತಯಾರ್’ ಎಂದು ಬರೆದು ಬೆಳಗಾವಿಯ ಅಂಗಡಿಕಾರನಿಗೆ ಕಳಿಸಿದ.

ಅಂಗಡಿಕಾರ ನೋಡಿದ್ದು ಅರಿಷಿಣದ ಕೊಂಬಿನಂತೆ ಹೊಳೆಯುವ ಬೆಲ್ಲವನ್ನು. ಫೋನ್ ಮಾಡಿ ಒಂದು ಮಾತು ಕೇಳಲಿಲ್ಲ ಆ ಪುಣ್ಯಾತ್ಮ. ‘ರಾಸಾಯನಿಕವಿಲ್ಲ ಎಂದು ಹೇಳಿ ಹೈಡ್ರೋಸ್ ತಿನ್ನಿಸುವವರಿದ್ದಾರೆ, ಎಚ್ಚರ’ ಎಂದು ಬರೆದು, ಅದೇ ಫೋಟೋ ಅಂಟಿಸಿ, ಊರಿನ ಹೆಸರು ಸಮೇತ ವ್ಯಾಪಾರಿಗಳ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ. ಸಂಜೆಯಾಗುವುದರೊಳಗೆ ಅದು ರಾಮದುರ್ಗದಿಂದ ಕಿತ್ತೂರಿನವರೆಗೆ ಓಡಾಡಿತು. ಒಂದು ಪೆಂಟಿ ಮುರಿದು ಬಾಯಿಗೆ ಹಾಕಿಕೊಳ್ಳದ ಜನ ಬೆರಳು ಒತ್ತಿ ಮುಂದಕ್ಕೆ ದಬ್ಬಿದರು. ಗಂಗವ್ವನ ಗಾಣಕ್ಕೆ ಕಬ್ಬು ತರುತ್ತಿದ್ದ ರೈತರು ಬಂಡಿಯನ್ನು ಬೇರೆ ಗಾಣಕ್ಕೆ ತಿರುಗಿಸಿದರು. ದಾಸೋಹಕ್ಕೆ ಕಳಿಸಿದ್ದ ಮೊದಲ ಪೆಂಟಿ ಮರುದಿನ ಬೆಳಗ್ಗೆ ಮನೆಗೆ ವಾಪಸ್ ಬಂತು.

ಅದೇ ದಿನ ನನ್ನ ಮೇಲಧಿಕಾರಿಗಳ ಕರೆಯೂ ಬಂತು. ಸಂಕ್ರಾಂತಿ ಹತ್ತಿರವಿದೆ, ಜನ ಗಲಾಟೆ ಎಬ್ಬಿಸಿದ್ದಾರೆ, ಕೂಡಲೇ ಹೋಗಿ ದಾಸ್ತಾನಿಗೆ ಸೀಲ್ ಹಾಕಿ ಎಂದರು. ಸ್ಯಾಂಪಲ್ ವರದಿ ಬರಲಿ ಎಂದೆ. ಅದಕ್ಕೆ ಎರಡು ವಾರ ಬೇಕು, ಫೋಟೋದಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿದೆಯಲ್ಲ ಎಂದರು. ಸೀಲ್ ಬಿದ್ದರೆ ಸಂಕ್ರಾಂತಿಯ ವ್ಯಾಪಾರವಷ್ಟೇ ಹೋಗುವುದಲ್ಲ. ಆಮೇಲೆ ವರದಿಯಲ್ಲಿ ಶುದ್ಧ ಎಂದು ಬಂದರೂ, ಸೀಲ್ ಬಿದ್ದ ಗಾಣ ಎಂಬ ಮಾತು ಆ ಸೀಮೆಯಲ್ಲಿ ಅಳಿಸುವುದಿಲ್ಲ. ಇದು ಅವರಿಗೂ ಗೊತ್ತಿತ್ತು.

ನಾನು ಹೋದಾಗ ಕೊಪ್ಪರಿಗೆ ತಣ್ಣಗಿತ್ತು. ಕೋಣೆಯಲ್ಲಿ ಸಾಲಾಗಿ ಜೋಡಿಸಿದ ಪೆಂಟಿಗಳೆಲ್ಲ ಕಂದು. ಹಳದಿಯ ಸುಳಿವೇ ಇಲ್ಲ. ಒಂದನ್ನು ಮುರಿಸಿದೆ, ಒಳಗೂ ಕಂದು. ಫೋಟೋದಲ್ಲಿರುವ ಬೆಲ್ಲ ಎಲ್ಲಿ ಎಂದು ಕೇಳಿದೆ. ಗಂಗವ್ವ ಒಳಗಿನಿಂದ ವಾಪಸ್ ಬಂದಿದ್ದ ಪೆಂಟಿಯನ್ನೇ ತಂದಳು. ವಿಭೂತಿಯ ಗುರುತು ಇನ್ನೂ ಅದರ ಮೇಲಿತ್ತು. ಅದೂ ಕಂದು. ಕಾಗದದ ಪ್ರಕಾರ ಯೋಚಿಸುವ ಯಾವ ಅಧಿಕಾರಿಯಾದರೂ ಹಳದಿ ಮಾಲು ಬಚ್ಚಿಟ್ಟು ಬೇರೆಯದನ್ನು ತೋರಿಸುತ್ತಿದ್ದಾರೆ ಎಂದೇ ಬರೆಯಬೇಕು. ಫೋಟೋಗೆ ಏನಾದರೂ ಬಣ್ಣ ಹಚ್ಚಿದೆಯಾ ಎಂದು ಈರಣ್ಣನನ್ನು ಕೇಳಿದೆ. ಗುಂಡಿ ಒತ್ತಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಎಂದು ಅವನು ಆಣೆ ಇಟ್ಟ.

ಗಂಗವ್ವ ಅಳಲಿಲ್ಲ. ನೆಲದ ಮೇಲೆ ಕುಳಿತು ನನ್ನನ್ನೇ ನೋಡಿ ಹೇಳಿದಳು:

“ಫೋಟೋ ಸುಳ್ಳ ಹೇಳೂದಿಲ್ಲ ಅಂತಾರ್ರಿ ಮೇಡಂ. ಹಂಗಾರ ಸುಳ್ಳ ಹೇಳಾಕಿ ನಾನಽ ಅಂದಂಗಾತು.”

ಆ ಮಾತು ನನ್ನನ್ನು ಚುಚ್ಚಿತು. ಮೂವತ್ತು ವರ್ಷ ಸರ್ಕಾರದ ಸೀಲ್ ಹಿಡಿದು ತಿರುಗಿದವಳಿಗೆ ಒಂದು ಫೋನಿನ ಮಾತನ್ನು ಪರೀಕ್ಷಿಸಲು ಆಗದೇ ಎನ್ನಿಸಿತು. ಎರಡೂ ಫೋನು ತನ್ನಿ ಎಂದೆ. ಆ ಮನೆಯವರಿಗೆ ಹೇಗೂ ಈ ಆಟ ಹೊಸದಲ್ಲ. ಆದರೆ ಆವತ್ತು ಯಾರ ಮುಖದಲ್ಲೂ ನಗು ಇರಲಿಲ್ಲ.

ಮೊದಲು ಪೆಂಟಿಯನ್ನು ಅಂಗಳದ ಬೆಳಕಿನಲ್ಲಿ, ಗೋಣಿಚೀಲದ ಮೇಲೆ ಇಡಲು ಹೇಳಿದೆ. ಪೂಜೆಯ ಬೆಲ್ಲವನ್ನು ಗೋಣಿಚೀಲದ ಮೇಲೆ ಇಡಲು ಗಂಗವ್ವ ಒಪ್ಪಲಿಲ್ಲ. ಬೇರೆ ಪೆಂಟಿ ತಂದಳು. ಇಬ್ಬರೂ ಫೋಟೋ ತೆಗೆದರು. ಎರಡರಲ್ಲೂ ಬೆಲ್ಲ ಕಂದು. ಈರಣ್ಣನ ಮುಖ ಇನ್ನಷ್ಟು ಕುಗ್ಗಿತು. ಈಗ ಅವನ ಫೋನೂ ಅವನ ಪರವಾಗಿ ಇರಲಿಲ್ಲ. ಹಾಗಾದರೆ ಮೊದಲ ದಿನದ ಬಣ್ಣ ಎಲ್ಲಿಂದ ಬಂತು? ಆವತ್ತು ಹೇಗೆ ಇಟ್ಟಿದ್ದಿರೋ ಹಾಗೇ ಇಡಿ ಎಂದೆ. ಹಿತ್ತಾಳೆಯ ತಟ್ಟೆ ಬಂತು, ಅದರಲ್ಲಿ ಪೂಜೆಯ ಪೆಂಟಿ ಕುಳಿತಿತು, ಶೈಲಾ ಎರಡು ಸೇವಂತಿಗೆ ಇಟ್ಟಳು.

ಈರಣ್ಣ ಕರಿ ಫೋನು ಹಿಡಿದ. ನಾನು ಅವನ ಹೆಗಲ ಮೇಲಿಂದ ಪರದೆ ನೋಡುತ್ತಿದ್ದೆ. ತಟ್ಟೆ ಪೂರ್ತಿ ಚೌಕಟ್ಟಿನೊಳಗೆ ಬಂದ ಕ್ಷಣ ಮೂಲೆಯಲ್ಲಿ ಚಮಚ ಮತ್ತು ಮುಳ್ಳುಚಮಚದ ಪುಟ್ಟ ಗುರುತು ಮೂಡಿತು. ಅದರ ಹಿಂದೆಯೇ ಬೆಲ್ಲ ನಮ್ಮ ಕಣ್ಣೆದುರಿಗೇ ಹಳದಿಗೆ ತಿರುಗಿತು. ಪಕ್ಕದಲ್ಲಿ ಶೈಲಾಳ ಬಿಳಿ ಫೋನಿನಲ್ಲಿ ಅದೇ ತಟ್ಟೆ, ಅದೇ ಬೆಲ್ಲ, ಬಣ್ಣ ಮಾತ್ರ ಕಂದು.

ವಿಷಯ ಇಷ್ಟೇ. ತಟ್ಟೆ ಕಂಡರೆ ಊಟದ ಚಿತ್ರ ಎಂದು ಆ ಫೋನು ತಾನೇ ತೀರ್ಮಾನಿಸುತ್ತದೆ. ಊಟದ ಚಿತ್ರ ಬಾಯಲ್ಲಿ ನೀರೂರಿಸಬೇಕು ಎಂದು ಅದಕ್ಕೆ ಕಲಿಸಿದ್ದಾರೆ. ಹೀಗಾಗಿ ಯಾರೂ ಕೇಳದಿದ್ದರೂ ಹಳದಿ, ಕೆಂಪು ಹೆಚ್ಚಿಸಿ, ಹೊಳಪು ಕೊಟ್ಟು, ನಮ್ಮ ಕೈಗಿಡುತ್ತದೆ. ಗೋಣಿಚೀಲದ ಮೇಲಿದ್ದರೆ ಅದು ಅದರ ಲೆಕ್ಕಕ್ಕೆ ಊಟವಲ್ಲ, ಬೆಲ್ಲ ಬೆಲ್ಲವಾಗಿಯೇ ಉಳಿಯುತ್ತದೆ. ಗಂಗವ್ವ ಮಾಡಿದ ತಪ್ಪು ಒಂದೇ. ತನ್ನ ದುಡಿಮೆಯ ಮೊದಲ ಫಲವನ್ನು ಮರ್ಯಾದೆಯಿಂದ ತಟ್ಟೆಯಲ್ಲಿಟ್ಟಳು.

ಶೈಲಾಳ ಫೋನು ಗೆದ್ದಿತು ಎಂದು ಓದುಗರು ಅಂದುಕೊಂಡಿರಬಹುದು. ಶೈಲಾಳೂ ಹಾಗೇ ಅಂದುಕೊಂಡು, ಪೆಂಟಿ ಹಿಡಿದು ನಿಂತ ತಾಯಿಯ ಚಿತ್ರ ತೆಗೆದು ನನಗೆ ತೋರಿಸಿದಳು. ಬೆಲ್ಲ ಇದ್ದ ಹಾಗೇ ಬಂದಿತ್ತು. ಆದರೆ ಗಂಗವ್ವನ ಮುಖ ಬೆಣ್ಣೆಯಂತೆ ನುಣ್ಣಗೆ, ಒಂದು ಸುತ್ತು ಬೆಳ್ಳಗೆ. ಕುದಿಯುವ ಪಾಕ ಸಿಡಿದು ಗಲ್ಲದ ಮೇಲೆ ಆಗಿದ್ದ ಹಳೆಯ ಸುಟ್ಟ ಕಲೆ ಹುಡುಕಿದರೂ ಇಲ್ಲ. ಗಂಗವ್ವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. “ಇಕಿ ಯಾರಽ ಶೈಲಾ?” ಎಂದು ಕೇಳಿ ಫೋನನ್ನು ಮಗಳ ಕೈಗಿತ್ತಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡೂ ಒಂದೊಂದು ಮೋಟರ್ ಸೈಕಲ್ಲಿನಷ್ಟು ದುಬಾರಿ. ಒಂದು ಅವಳ ಬೆಲ್ಲವನ್ನು ತಿದ್ದಿತು, ಇನ್ನೊಂದು ಅವಳ ಮುಖವನ್ನು. ಈ ಕಂಪನಿಯವರನ್ನು ಕೇಳಿದವರು ಯಾರು? ಕಂದು ಬೆಲ್ಲ ಕೆಟ್ಟದ್ದು, ಕಪ್ಪು ಮುಖ ಕೆಟ್ಟದ್ದು ಎಂದು ಇವರಿಗೆ ಹೇಳಿದವರು ಯಾರು?

ಅಲ್ಲಿಂದಲೇ ಮೇಲಧಿಕಾರಿಗಳಿಗೆ ಎಲ್ಲ ಚಿತ್ರಗಳನ್ನೂ ಕಳಿಸಿ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ಎರಡರಲ್ಲಿ ಯಾವುದು ತಗೋಬಹುದು ಮೇಡಂ? ನನ್ನ ಮಗನಿಗೆ ಕೊಡಿಸಬೇಕಾಗಿದೆ” ಎಂದರು. ಒಬ್ಬ ಹೆಣ್ಣುಮಗಳ ಹೆಸರು ಬೀದಿಗೆ ಬಿದ್ದಿರುವಾಗ ಇವರಿಗೆ ಮಗನ ಫೋನಿನ ಚಿಂತೆ! ನಾನು ಸೀಲ್ ಹಾಕುವುದಿಲ್ಲ, ಸ್ಯಾಂಪಲ್ ಮಾತ್ರ ತೆಗೆಯುತ್ತೇನೆ, ಕಾರಣ ಬರವಣಿಗೆಯಲ್ಲಿ ಕೊಡುತ್ತೇನೆ ಎಂದೆ. ಜವಾಬ್ದಾರಿ ನಿಮ್ಮದು ಎಂದು ಫೋನ್ ಇಟ್ಟರು. ಜವಾಬ್ದಾರಿ ಹೇಗೂ ನನ್ನದೇ ಆಗಿತ್ತು.

ವರದಿ ಬಂತು. ಹೈಡ್ರೋಸ್ ಇಲ್ಲ, ಕೃತಕ ಬಣ್ಣ ಇಲ್ಲ, ಎಲ್ಲವೂ ಸರಿ. ಆದರೆ ಅದು ಬರುವಷ್ಟರಲ್ಲಿ ಸಂಕ್ರಾಂತಿ ಮುಗಿದಿತ್ತು. ವರದಿಯ ಪ್ರತಿ ಹಿಡಿದು ನಾನೇ ದಾಸೋಹದ ಹಿರಿಯರ ಬಳಿ ಹೋದೆ. ಅವರು ನಾಚಿಕೊಂಡರು, ಗಂಗವ್ವನ ಮನೆಗೆ ತಾವೇ ನಡೆದು ಬಂದು ಪೆಂಟಿ ಕೇಳಿ ಒಯ್ದರು. ಅಷ್ಟು ದೊಡ್ಡತನ ಅವರಿಗಿತ್ತು. ಬೆಳಗಾವಿಯ ಅಂಗಡಿಕಾರನಿಗೂ ಪ್ರತಿ ಕಳಿಸಿದೆ. ಆತ ಗ್ರೂಪಿನಲ್ಲಿದ್ದ ತನ್ನ ಸಂದೇಶವನ್ನು ಅಳಿಸಿದ, ಅಷ್ಟೇ. ತಪ್ಪಾಯಿತು ಎಂಬ ಒಂದು ಸಾಲು ಬರೆಯಲು ಅವನ ಬೆರಳು ಏಳಲಿಲ್ಲ. ಮುಂದಕ್ಕೆ ದಬ್ಬಿದ್ದವರಂತೂ ಅದನ್ನು ಆಗಲೇ ಮರೆತಿದ್ದರು.

ನನ್ನ ಕೆಲಸ ಕಲಬೆರಕೆ ಹಿಡಿಯುವುದು. ಈ ಪ್ರಕರಣದಲ್ಲಿ ಕಲಬೆರಕೆ ನಡೆದದ್ದು ನಿಜ. ಇಲ್ಲದ ಬಣ್ಣವನ್ನು ಇರುವ ವಸ್ತುವಿಗೆ ಬೆರೆಸಿದ್ದೂ ನಿಜ, ಅದರಿಂದ ಒಬ್ಬರಿಗೆ ಹಾನಿಯಾದದ್ದೂ ನಿಜ. ಆದರೆ ಬೆರೆಸಿದವರ ಮೇಲೆ ಹಾಕಲು ನನ್ನ ಕೈಯಲ್ಲಿದ್ದ ಕಾನೂನಿನ ಪುಸ್ತಕದಲ್ಲಿ ಒಂದು ಕಲಮೂ ಇರಲಿಲ್ಲ. ಅಂದಿನಿಂದ ನಿವೃತ್ತಿಯಾಗುವವರೆಗೆ ಯಾರೇ ಫೋಟೋ ಕಳಿಸಿ ದೂರು ಹೇಳಿದರೂ ನಾನು ಮೊದಲು ಜಾಗಕ್ಕೆ ಹೋದೆ, ವಸ್ತುವನ್ನು ಕೈಯಲ್ಲಿ ಹಿಡಿದು, ಮುರಿದು ನೋಡಿದೆ. ಆ ಪ್ರಕರಣ ನನಗೆ ಕಲಿಸಿದ್ದು ಇಷ್ಟು.

ಇನ್ನೊಂದು ಮಾತು ಉಳಿದಿದೆ. ವರದಿ ಕೊಡಲು ಗಂಗವ್ವನ ಮನೆಗೆ ಹೋದ ದಿನ ನಾನು ಚಹಾ ಕುಡಿಯುತ್ತ ಕುಳಿತಿದ್ದಾಗಲೇ ಅವಳ ಫೋನು ಹೊಡೆದುಕೊಂಡಿತು. ಗುರುತಿಲ್ಲದ ಯಾರೋ ವ್ಯಾಪಾರಿ. ವಾಟ್ಸ್ಆ್ಯಪಿನಲ್ಲಿ ತಿರುಗಾಡಿದ ಫೋಟೋ ಅವನಿಗೂ ಮುಟ್ಟಿತ್ತು. ಮೇಲಿನ ಬರಹ ಓದಿದನೋ ಇಲ್ಲವೋ, ಬೆಲ್ಲದ ಬಣ್ಣ ಮಾತ್ರ ಬಹಳ ಹಿಡಿಸಿತ್ತು. ಅಂಥದ್ದೇ ಹಳದಿ ಮಾಲು ಎಷ್ಟಿದ್ದರೂ ಒಯ್ಯುತ್ತೇನೆ, ಹೇಳಿದ ರೇಟು ಕೊಡುತ್ತೇನೆ ಎಂದ. ಕೋಣೆಯಲ್ಲಿ ಮಾರಾಟವಾಗದ ಕಂದು ಪೆಂಟಿಗಳು ಅಟ್ಟಿಯಾಗಿ ಬಿದ್ದಿದ್ದವು. ಒಂದು ಹಿಡಿ ಹೈಡ್ರೋಸ್ ಹಾಕಿದ್ದರೆ ಮುಂದಿನ ಕೊಪ್ಪರಿಗೆಯಿಂದಲೇ ಅವನು ಕೇಳಿದ ಬಣ್ಣ ಬರುತ್ತಿತ್ತು. ಗಂಗವ್ವ ನನ್ನ ಕಡೆ ನೋಡಲೂ ಇಲ್ಲ.

“ಆ ಬೆಲ್ಲ ನಮ್ಮ ಗಾಣದಾಗ ಆಗಿಲ್ರೀ ಯಪ್ಪಾ,” ಎಂದಳು. “ಅದು ಫೋನಿನಾಗ ಆಗೇತಿ. ಅದನ್ನ ಮಾಡಿದವರ ಕಡೇನಽ ತಗೋರಿ.”