ಕತ್ತಿ ಹಿಡಿದವಳ ಅತ್ತೆ

ಆ ಇಂಗ್ಲಿಷ್ ಕಾದಂಬರಿಯ ಎರಡನೇ ಭಾಗಕ್ಕಾಗಿ ನನಗಿಂತ ಹೆಚ್ಚು ಕಾದವರು ನಮ್ಮ ಓನರ್ ಆಂಟಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಜರಗನಹಳ್ಳಿಯಲ್ಲೇ ಹುಟ್ಟಿ, ಪಕ್ಕದ ಬೀದಿಗೇ ಸೊಸೆಯಾಗಿ ಹೋಗಿ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಮಹಡಿ ಕಟ್ಟಿಸಿದ ಹೆಂಗಸು. ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಗದಗಿನ ಕಡೆಯವಳು, ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ.

ಒಂದು ಭಾನುವಾರ ಆಂಟಿ ಬಟ್ಟೆ ಒಣಗಿಸಲು ಟೆರೇಸಿಗೆ ಬಂದಾಗ ನಾನು ಮೊದಲನೇ ಭಾಗ ಓದುತ್ತಿದ್ದೆ. ಮುಖಪುಟದಲ್ಲಿ ರಕ್ತ ತೊಟ್ಟಿಕ್ಕುವ ಕತ್ತಿ ಹಿಡಿದ ಹುಡುಗಿ.

"ಯಾರಮ್ಮ ಇವ್ಳು, ದೇವಿನಾ?"

"ಅಲ್ರಿ ಆಂಟಿ, ಕತಿಯೊಳಗಿನ ಹುಡುಗಿರಿ. ಯುದ್ಧ ಮಾಡ್ತಾಳ."

"ಯಾರ್ ಮೇಲೆ?"

ಹೇಳಿದೆ. ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಆಂಟಿಯ ಜಗುಲಿಯಲ್ಲಿ ಕತೆ. ಎದುರುಮನೆಯ ಇಬ್ಬರು ಹೆಂಗಸರೂ ಬಂದು ಕೂರತೊಡಗಿದರು. ಯಾರದಾದರೂ ತಲೆ ಉರುಳಿದರೆ ಆಂಟಿಗೆ ಎಲ್ಲ ವಿವರ ಬೇಕು. "ಎಷ್ಟು ದೂರ ಹೋಗಿ ಬಿತ್ತು? ಒಂದೇ ಏಟಿಗಾ?" ಎಂದು ಕೇಳುವರು. ನಾನೂ ಧಾರಾಳವಾಗಿ ಹತ್ತಡಿ, ಹದಿನೈದಡಿ ಎಂದು ಉರುಳಿಸುತ್ತಿದ್ದೆ.

ತೊಂದರೆ ಇದ್ದದ್ದು ಪ್ರೀತಿಯಲ್ಲಿ. ಆ ಹುಡುಗಿ ಶತ್ರು ದೇಶದ ರಾಜಕುಮಾರನನ್ನು ಸೆರೆ ಹಿಡಿಯುತ್ತಾಳೆ, ಕಾಡಿನಲ್ಲಿ ಇಬ್ಬರಿಗೂ ಒಂದೇ ಡೇರೆ, ಮುಂದಿನ ಹದಿನಾಲ್ಕು ಪುಟಗಳನ್ನು ನಾನು ಮೆಟ್ರೋದಲ್ಲಿ ಪುಸ್ತಕ ಎದೆಗವಚಿಕೊಂಡು ಓದಿದ್ದೆ. ಅದನ್ನು ಆಂಟಿಯ ಮುಂದೆ ಹೇಳುವುದು ಹೇಗೆ? ನನ್ನ ಕೋಣೆಯಲ್ಲಿ ಮುಂಚೆ ಇದ್ದ ಹುಡುಗಿಯನ್ನು ಅವರು ಹದಿನೈದು ದಿನದಲ್ಲಿ ಖಾಲಿ ಮಾಡಿಸಿದ್ದರು. ಆಫೀಸಿನ ಗೆಳೆಯನೊಬ್ಬ ಮೇಲೆ ಬಂದು ಕಾಫಿ ಕುಡಿದು ಹೋದದ್ದೇ ಅವಳ ಅಪರಾಧ. ಇಂಥ ಪುಸ್ತಕ ಓದುವವಳು ಎಂದು ಗೊತ್ತಾದರೆ ನನ್ನ ಗತಿಯೂ ಅದೇ ಎಂದು ಹೆದರಿದೆ. ಕೋಣೆ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಜ್ವರ ಬಂದಾಗ ಮೆಣಸಿನ ಸಾರು ಹಿಡಿದು ಮೂರು ಮಹಡಿ ಹತ್ತುವ ಆಂಟಿ ಸಿಗುವುದಿಲ್ಲ.

ಹಾಗಾಗಿ ಡೇರೆಗೆ ಹೋಗುವ ಮೊದಲೇ ಇಬ್ಬರಿಗೂ ಮದುವೆ ಮಾಡಿಸಿಬಿಟ್ಟೆ. ಕಾಡಿನ ಗುಡಿ, ಅರಿಶಿನ ಕೊಂಬಿನ ತಾಳಿ, ಎಲ್ಲ ಶಾಸ್ತ್ರೋಕ್ತವಾಗಿ. ಜಾಣೆ ನಾನು ಎಂದು ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಆಂಟಿ ಕೇಳಿದರು: "ಮದ್ವೆ ಆದ್ಮೇಲೂ ಯುದ್ಧಕ್ಕೆ ಹೋಗ್ತಾಳಾ? ಅತ್ತೆ ಸುಮ್ನೆ ಬಿಡ್ತಾಳಾ?"

ಪುಸ್ತಕದಲ್ಲಿ ಅತ್ತೆಯೇ ಇರಲಿಲ್ಲ. ಆದರೆ ಜರಗನಹಳ್ಳಿಯ ಜಗುಲಿಯಲ್ಲಿ ಅತ್ತೆಯಿಲ್ಲದ ಮದುವೆ ನಡೆಯುವುದುಂಟೆ? ಒಬ್ಬ ಅತ್ತೆಯನ್ನು ಹುಟ್ಟಿಸಿದೆ. ಮೊದಲು ಸಿಡುಕಿ, ಆಮೇಲೆ ಕರಗಿದವಳು, ಸೊಸೆ ಕುದುರೆ ಹತ್ತುವಾಗ ಬುತ್ತಿ ಕಟ್ಟಿಕೊಡುವಳು. ಮೂವರು ಹೆಂಗಸರಿಗೂ ಅವಳು ಎಷ್ಟು ಹಿಡಿಸಿದಳೆಂದರೆ, ನಾಯಕನನ್ನು ಯಾರೂ ಕೇಳುತ್ತಲೇ ಇರಲಿಲ್ಲ. "ಅತ್ತೆ ಮೊಣಕಾಲು ನೋವು ಹೆಂಗಿದೆ?" ಎಂದು ವಿಚಾರಿಸುತ್ತಿದ್ದರು. ಮೊಣಕಾಲು ನೋವನ್ನೂ ನಾನೇ ಕೊಟ್ಟಿದ್ದೆ.

ಅವರೆಕಾಯಿ ಕಾಲಕ್ಕೆ ಎರಡನೇ ಭಾಗ ಬಂತು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯಲ್ಲಿ ಕೊಂಡು, ಮನೆಗೆ ಬರುವ ಮೆಟ್ರೋದಲ್ಲೇ ತೆರೆದೆ. ನಲವತ್ತನೇ ಪುಟದಲ್ಲಿ ಸಿಕ್ಕಿಬಿದ್ದೆ. ರಾಜಕುಮಾರನ ತಾಯಿ ಅವನಿಗೆ ಏಳು ವರ್ಷವಾಗಿದ್ದಾಗಲೇ ಸತ್ತಿದ್ದಳು. ಕೊಂದವನು ನಮ್ಮ ನಾಯಕಿಯ ಅಪ್ಪ. ಆ ಸೇಡು ತೀರಿಸಿಕೊಳ್ಳಲೆಂದೇ ಅವನು ಬೇಕಂತಲೇ ಸೆರೆ ಸಿಕ್ಕಿದ್ದ. ಇಡೀ ಎರಡನೇ ಭಾಗ ನಿಂತಿರುವುದೇ ಆ ಸತ್ತ ತಾಯಿಯ ಮೇಲೆ. ನಾನು ಅವಳ ಕೈಯಲ್ಲಿ ಬುತ್ತಿ ಕಟ್ಟಿಸುತ್ತಿದ್ದೆ!

ಬುತ್ತಿ ಕಟ್ಟಿದವಳು ಮಲತಾಯಿ ಎಂದು ದಾಟಿಸೋಣ ಎಂದುಕೊಂಡು ಭಾನುವಾರ ಆ ಪುಸ್ತಕ ಹಿಡಿದು ಜಗುಲಿಗೆ ಇಳಿದೆ. ಅಲ್ಲಿ ನೆನೆಸಿದ ಅವರೆಕಾಳಿನ ದೊಡ್ಡ ಬೇಸಿನ್ ಸುತ್ತ ಮೂವರೂ ಕೂತು ಕಾಳು ಹಿತುಕುತ್ತಿದ್ದರು. ನಾನೂ ಕೈ ಹಾಕಿದೆ. ಹಿತುಕಿದ ಬೇಳೆ ಪುಳಕ್ಕನೆ ಹಾರಿ ನನ್ನ ಕನ್ನಡಕಕ್ಕೇ ಬಡಿಯಿತು. ಮಲತಾಯಿಯ ವಿಷಯ ತೆಗೆದೆ.

ಆಂಟಿಯ ಕೈ ನಿಂತಿತು. "ಹೋದ್ ವಾರ ಹೆತ್ತ ಹೊಟ್ಟೆ ಉರೀತದೆ ಅಂತ ಅತ್ತಳಲ್ಲ? ಮಲತಾಯಿ ಹೆಂಗಾಗ್ತಾಳೆ?"

ಅತ್ತಿದ್ದಳು, ನಿಜ. ಅಳಿಸಿದ್ದು ನಾನೇ. ಇನ್ನೊಂದು ಸುಳ್ಳು ಹುಡುಕಿದೆ, ಸಿಗಲಿಲ್ಲ.

"ಆಂಟಿ, ತಪ್ಪಾತ್ರಿ. ಪುಸ್ತಕದಾಗ ಅತ್ತಿನೇ ಇಲ್ಲ. ಮದುವಿನೂ ಆಗಿಲ್ರಿ ಅವರದು. ಸುಮ್ನ ಡೇರೆದಾಗ... ಹಂಗೇ ಇದ್ರು. ನೀವು ಏನು ತಿಳ್ಕೋತೀರಿ ಅಂತ ಹೆದರಿ ನಾನೇ ಎಲ್ಲಾ ಸೇರಿಸಿ ಹೇಳಿದ್ನಿ."

ಎದುರುಮನೆಯವರಲ್ಲೊಬ್ಬರು "ಅಯ್ಯೋ ಶಿವನೆ" ಎಂದರು. ಆಂಟಿ ಮತ್ತೆ ಬೇಸಿನ್ನಿಗೆ ಕೈ ಹಾಕಿದರು. ಒಂದು ಹಿಡಿ ಕಾಳು ಹಿತುಕಿ ಮುಗಿಸಿದರು. ನಾನು ಮನಸ್ಸಿನಲ್ಲೇ ಪಾತ್ರೆ ಕಟ್ಟಿ, ಮಂಚ ಬಿಚ್ಚಿ, ಬಿಟಿಎಂ ಬಡಾವಣೆಯ ಯಾವುದೋ ಪೀಜಿ ಸೇರಿಯೂ ಆಗಿತ್ತು.

"ಅಂದ್ರೆ ಅವ್ಳಿಗೆ ಅತ್ತೆನೇ ಇಲ್ಲ?" ಎಂದರು ಕೊನೆಗೆ.

"ಇಲ್ರಿ."

"ಹೋಗ್ಬೇಡ ಅನ್ನೋರು, ಎಷ್ಟೊತ್ಗೆ ಬರ್ತೀಯ ಅನ್ನೋರು?"

"ಯಾರೂ ಇಲ್ರಿ ಆಂಟಿ."

ಆಂಟಿ ಸೆರಗಿನಲ್ಲಿ ಕೈ ಒರೆಸಿಕೊಂಡರು. "ನಾನು ಇಪ್ಪತ್ತಾರು ವರ್ಷ ಅತ್ತೆ ಜೊತೆ ಇದ್ದೆ ಕಣೆ. ಮೂಲೆ ಅಂಗ್ಡಿಗೆ ಹೋಗ್ಬೇಕಾದ್ರೂ ಕೇಳ್ಕೊಂಡ್ ಹೋಗ್ತಿದ್ದೆ. ವಾರಕ್ಕೊಂದ್ ಸಲ ಆ ಹುಡುಗಿ ಹಿಂದೆ ಕುದುರೆ ಮೇಲೆ ಕೂತ್ಕೊಳಾಣ ಅಂತ ಬಂದ್ರೆ, ಅಲ್ಲೂ ಒಬ್ಬಳು ಅತ್ತೇನ ತಂದು ಬಾಗ್ಲಲ್ಲಿ ನಿಲ್ಸಿದ್ಯಲ್ಲೆ!"

"ನಿಮಗ ಆಕಿ ಸೇರ್ತಾಳ ಅಂದ್ಕೊಂಡಿದ್ದೆ..."

"ಬುತ್ತಿ ಕಟ್ಟಿದ್ಲು ಅಂತ ಸಹಿಸ್ಕೊಂಡಿದ್ದೆ ಅಷ್ಟೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಇವರಿಗೆ ನಾನು ಎಷ್ಟು ಹೆದರಿದ್ದೆ, ಇವರನ್ನು ಎಷ್ಟು ಕಡಿಮೆ ತಿಳಿದುಕೊಂಡಿದ್ದೆ ಎಂದು ನಾಚಿಕೆಯೂ ಆಯಿತು.

ಆಂಟಿ ಎರಡನೇ ಭಾಗವನ್ನು ನನ್ನ ಮಡಿಲಿನಿಂದೆತ್ತಿ ಕಿಟಕಿಯ ಮೇಲಿಟ್ಟರು. "ಇದು ಆಮೇಲೆ. ಮೊದಲನೇದನ್ನ ತಗೊಂಡ್ ಬಾ. ಕಾಡಿಂದ ಶುರು ಮಾಡು. ಈ ಸಲ ಏನೂ ನುಂಗಂಗಿಲ್ಲ."

ಮೇಲೆ ಹೋಗಿ ಪುಸ್ತಕ ತಂದು, ಕಿವಿ ಬಿಸಿಯಾಗಿ, ತಲೆ ತಗ್ಗಿಸಿಕೊಂಡೇ ಶುರು ಮಾಡಿದೆ. ಡೇರೆಯ ಪರದೆ ಇಳಿಬಿಟ್ಟಲ್ಲಿ ನನಗೇ ಗೊತ್ತಿಲ್ಲದೆ ನಿಲ್ಲಿಸಿದೆ. ಮೂವರೂ ಕಾಳು ಹಿತುಕುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಹೂಂ," ಎಂದರು ಆಂಟಿ, "ಒಳಗೆ ಹೋಗು."