ಕಲ್ಲಾಗ್ರಿ, ಮಾವ

ನಮ್ಮ ಮಾವನವರು ಇದ್ದ ಮನೆಯಲ್ಲಿ ಸ್ನಾನದ ಸಾಬೂನು ಸಾಬೂನಾಗಿ ಉಳಿಯುತ್ತಿರಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ಸಿಂಹಗಳಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದವರು. ಹರೆಯದಲ್ಲಿ ಸಾರನಾಥಕ್ಕೆ ಹೋಗಿ, ಅಶೋಕನ ಕಾಲದ ಆ ಕಲ್ಲಿನ ಸಿಂಹಗಳನ್ನು ಕಣ್ಣಾರೆ ಕಂಡಂದಿನಿಂದ ಅದೊಂದೇ ಗುಂಗು. ಕಡಲಾಚೆಯ ರೌಂಡ್ ರಾಕ್‌ನ ನಮ್ಮ ಮನೆಗೆ ಬಂದಾಗಲೂ ತರಕಾರಿ ಹೆಚ್ಚುವ ಚಾಕು ಹಿಡಿದು ಕೂತುಬಿಡುತ್ತಿದ್ದರು. ಉದುರಿದ ಚೂರುಗಳಲ್ಲೇ ನಮ್ಮ ಸ್ನಾನ.

"ಪಾಸ್‌ಪೋರ್ಟ್ ಮೇಲೆ ಮೂರೇ ಕಾಣೋದಲ್ವಾ ಮಾವ? ಹಿಂದಿನದಕ್ಕೆ ಯಾಕೆ ಇಷ್ಟು ಕಷ್ಟಪಡ್ತೀರಿ?" ಎಂದು ಕೇಳಿದ್ದೆ.

"ಮುಂದಿನ ಮೂರೂ ಮಂದೀಗೆ ಧೈರ್ಯಾ ತೋರಸ್ತಾವ್ರಿ, ಅಳಿಯಂದ್ರ. ಹಿಂದಿಂದು ಅಂಜಿರಬೇಕು ಅಂತ ನನಗ ಸಂಶೇ. ಅದರ ಮಾರಿ ಯಾರು ನೋಡ್ಯಾರ?"

ಅವರ ಪಾಸ್‌ಪೋರ್ಟು ಸದಾ ಕೋಟಿನ ಒಳಜೇಬಿನಲ್ಲಿರುತ್ತಿತ್ತು. ಯಾವ ಸಾಹೇಬ ಕೇಳಿದರೂ ಸಿಂಹ ತೋರಿಸಿದರೆ ಮುಗೀತು ಅನ್ನುವುದು ಅವರ ನಂಬಿಕೆ.

ನಮ್ಮ ಮಗಳು ಗಲಾಟೆ ಮಾಡಿದರೆ ತಮ್ಮ ಶಾಲೆಯ ಆಟ ಹೂಡುತ್ತಿದ್ದರು. "ಕಲ್ಲಾಗ್ರಿ" ಅಂದರೆ ಮನೆಯವರೆಲ್ಲ ಇದ್ದಲ್ಲೇ, ಇದ್ದ ಹಾಗೇ ನಿಲ್ಲಬೇಕು. "ಜೀವ ಬರ್ಲಿ" ಅನ್ನುವವರೆಗೆ ಅಲ್ಲಾಡುವಂತಿಲ್ಲ. ಒಮ್ಮೆ ನಾನು ಒಲೆಯ ಮುಂದೆ ಕಲ್ಲಾಗಿ ನಿಂತು, ಹಾಲೆಲ್ಲ ಉಕ್ಕಿಹೋಗಿ, ಹೆಂಡತಿಯ ಕೈಲಿ ಬೈಸಿಕೊಂಡೆ.

ಒಂದು ಬೇಸಿಗೆ ಮಾವ, ನಾನು ಇಬ್ಬರೇ ಶುಗರ್ ಲ್ಯಾಂಡ್‌ನ ನೆಂಟರ ಮನೆಗೆ ಹೊರಟಿದ್ದೆವು. ಹೈವೇಯಲ್ಲಿ ಹಿಂದಿನಿಂದ ಪೊಲೀಸ್ ಕಾರಿನ ಕೆಂಪು ನೀಲಿ ದೀಪ. ಕಾರು ಪಕ್ಕಕ್ಕೆ ನಿಲ್ಲಿಸಿ, ಇಲ್ಲಿನ ರೂಢಿಯಂತೆ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತೆ. ಮಾವನ ರೂಢಿ ಬೇರೆ. ಪೊಲೀಸರು ಬಂದಾಗ ಕೂತೇ ಇದ್ದರೆ ಅದು ಸೊಕ್ಕು. ನಾನು ಬಾಯಿ ತೆರೆಯುವುದರೊಳಗೆ ಬಾಗಿಲು ತೆಗೆದು ಇಳಿದು, ಕೈಮುಗಿಯುತ್ತಾ ಹಿಂದಿನ ಕಾರಿನಿಂದಿಳಿದ ಪೊಲೀಸನತ್ತಲೇ ನಡೆದರು.

ಕನ್ನಡಿಯಲ್ಲಿ ಕಂಡೆ. ಪೊಲೀಸನ ಕೈ ಪಿಸ್ತೂಲಿನ ಮೇಲಿತ್ತು. ಅವನು ಕೂಗಿದ. ಮಾವನಿಗೆ ಏನು ತಿಳಿಯಿತೋ, ನಗುತ್ತಾ ಒಳಜೇಬಿಗೆ ಕೈ ಹಾಕಿದರು. ಪಿಸ್ತೂಲು ಮೇಲೆದ್ದಿತು. ಕಿಟಕಿಯಿಂದ ಕಿರುಚಿದೆ:

"ಮಾವ, ಕಲ್ಲಾಗ್ರಿ!"

ಮಾವ ಕಲ್ಲಾದರು. ಕೈ ಕೋಟಿನೊಳಗೆ, ಮುಖದ ಮೇಲೆ ಅರ್ಧ ನಗು. ಟ್ರಕ್ಕು ಹಾದುಹೋದಾಗ ಕೋಟಿನ ಅಂಚು ಮಾತ್ರ ಅಲ್ಲಾಡಿತು. ವಯಸ್ಸಾದವರು, ಇಂಗ್ಲಿಷ್ ಅಷ್ಟಾಗಿ ಬಾರದು, ಜೇಬಿನಲ್ಲಿರುವುದು ಪಾಸ್‌ಪೋರ್ಟು ಎಂದು ನಾನು ಇಂಗ್ಲಿಷಿನಲ್ಲಿ ಹೇಳುತ್ತಲೇ ಹೋದೆ. ಕೊನೆಗೆ ಅವನೇ ಹತ್ತಿರ ಬಂದು ಅದನ್ನು ಹೊರತೆಗೆದ. ಸಿಂಹಗಳನ್ನು ನೋಡಿದ, ನಿಧಾನ ಓಡಿಸಲು ಹೇಳಿ ಹೋದ. ಮಾವನನ್ನು ತೋಳು ಹಿಡಿದು ಕಾರಿಗೆ ಕರೆತಂದೆ.

ಆಮೇಲೆ ಅವರು ಸಾಬೂನು ಮುಟ್ಟಲಿಲ್ಲ. ಕರವಸ್ತ್ರ ಬೇಕಾದರೂ "ತಕ್ಕೊಳ್ಳಲೇನ್ರಿ?" ಎಂದು ಕೇಳಿಯೇ ಜೇಬಿಗೆ ಕೈ ಹಾಕುತ್ತಿದ್ದರು, ಅದೂ ನಮ್ಮ ಮನೆಯೊಳಗೆ. ಕೇಳಿದಾಗಲೆಲ್ಲ ನನಗೆ ಮತ್ತೆ ಅದೇ ಹೆದರಿಕೆ.

ಅವರನ್ನು ಕೊನೆಯ ಸಲ ನೋಡಿದ್ದು ಹ್ಯೂಸ್ಟನ್ ಏರ್‌ಪೋರ್ಟಿನಲ್ಲಿ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳಿದಾಗ ಎರಡೂ ಕೈ ಮುಂದೆ ಚಾಚಿ ನಿಂತುಬಿಟ್ಟರು.

"ನೀವೇ ತೆಗೀರಿ, ಅಳಿಯಂದ್ರ."

ಒಳಜೇಬಿಗೆ ಕೈ ಹಾಕಿದೆ. ಅವರ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ಬೆರಳಿಗೆ ತಿಳಿಯಿತು. ಆಗ ನೆನಪಾಯಿತು, ಹೈವೇಯಲ್ಲಿ ಬಿಡುಗಡೆಯ ಮಾತನ್ನು ಯಾರೂ ಹೇಳಿರಲೇ ಇಲ್ಲ.

"ಜೀವ ಬರ್ಲಿ, ಮಾವ," ಎಂದೆ.

ಅವರು ಮುಂದೆ ನಿಂತಿದ್ದ ಯೂನಿಫಾರ್ಮಿನವನನ್ನು ಒಮ್ಮೆ ನೋಡಿದರು.

"ಊರು ಮುಟ್ಟಿದ ಮ್ಯಾಲ ಬರ್ತದ್ರಿ."