ಬ್ಯಾಂಡಿ ಆಟಗಾರನ ಬಯೋಡೇಟಾ

ತೊಂಬತ್ತರ ದಶಕದ ನಡುವಿನಲ್ಲಿ ನಾವು ದೋಹಾದ ಅಲ್ ಮುಂತಜಾದಲ್ಲಿದ್ದಾಗ ಕೆಳಗಿನ ಮನೆಗೆ ರಷ್ಯನ್ ದಂಪತಿ ಬಂದರು. ಹೆಂಡತಿ ನರ್ಸ್. ಗಂಡನಿಗೆ ಕೆಲಸವಿರಲಿಲ್ಲ, ಮೆಟ್ಟಿಲ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ. ಹದಿನಾಲ್ಕು ವರ್ಷ ಬ್ಯಾಂಡಿ ಆಡಿದ ಮೊಣಕಾಲು. ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಮಂಜುಗಡ್ಡೆಯ ಮೇಲೆ ಜಾರುತ್ತ, ಬಾಗಿದ ಕೋಲಿನಿಂದ ಸಣ್ಣ ಚೆಂಡನ್ನು ಹೊಡೆಯುವ ಆಟವದು. ಹೇಗೆಂದು ಅವನು ನನ್ನ ಲಟ್ಟಣಿಗೆ ಹಿಡಿದು ತೋರಿಸಿಯೂ ಆಗಿತ್ತು.

ಒಂದು ಐಸ್ ರಿಂಕ್‌ನವರಿಗೆ ಮಕ್ಕಳಿಗೆ ಐಸ್ ಹಾಕಿ ಕಲಿಸುವವರು ಬೇಕಾಗಿದ್ದರು. ಅಷ್ಟು ಮಂಜುಗಡ್ಡೆ ಇದ್ದ ಜಾಗ ಅವನಿಗೆ ಇನ್ನೆಲ್ಲಿ ಸಿಗಬೇಕು? ನನ್ನ ಹತ್ತಿರ ಊರಿನಿಂದ ತಂದ ಟೈಪ್‌ರೈಟರ್ ಇತ್ತು. ನಮ್ಮ ಕಡೆಯವರ ಬಯೋಡೇಟಾಗಳನ್ನೆಲ್ಲ ಹೊಡೆದುಕೊಡುತ್ತಿದ್ದುದರಿಂದ ಅವನೂ ಬಂದ.

ಕೇಳಿದ್ದು ಹಾಕಿಯಾದ್ದರಿಂದ ನಾನು ಹಾಕಿ ಎಂದೇ ಹೊಡೆದೆ. ಅವನು ತಿರುಗಿ ತಂದ. ಹಾಕಿಯಲ್ಲಿ ಚಪ್ಪಟೆ ಬಿಲ್ಲೆ, ತನ್ನದರಲ್ಲಿ ಚೆಂಡು. ಅಲ್ಲಿ ಆರು ಜನ, ಇಲ್ಲಿ ಹನ್ನೊಂದು. ವೈಟ್ನರ್ ಹಚ್ಚಿ ತಿದ್ದುತ್ತೇನೆಂದರೆ ಒಪ್ಪಲಿಲ್ಲ, ಹೊಸ ಹಾಳೆಯೇ ಆಗಬೇಕು. ಎರಡನೆಯದರಲ್ಲಿ ಎಲ್ಲೋ ಒಂದು ಕಡೆ ಹಾಕಿ ಉಳಿದಿತ್ತು. ಮೂರನೆಯದರಲ್ಲಿ ಅವನ ಊರಿನ ಹೆಸರು ತಪ್ಪಿತು. ನೀರುದೋಸೆಗೆ ನೆನೆಹಾಕಿದ ಅಕ್ಕಿ ಅಡುಗೆಮನೆಯಲ್ಲಿ ಹಾಗೇ ಕಾಯುತ್ತಿತ್ತು.

ಆಫೀಸಿನಿಂದ ಬಂದ ನನ್ನ ಗಂಡ ನೋಡಿದರು.

"ಹಾಕಿ ಅಂತ ಹೊಡೆದು ಕೊಡು ಮಾರಾಯ್ತಿ. ನಾನು ಮೊದಲು ಬರುವಾಗ ವೀಸಾದಲ್ಲಿ ಎಂಥ ಇತ್ತು? ಗಾರೆಯವ. ಜೀವಮಾನದಲ್ಲಿ ಒಂದು ಕರಣೆ ಹಿಡಿದಿದ್ದೇನಾ?"

ಇದನ್ನೇ ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಕೊಲ್ಲಿಗೆ ಬಂದವರೆಲ್ಲ ಹೀಗೇ, ಯಾವ ವೀಸಾ ಸಿಕ್ಕಿತೋ ಆ ಕೆಲಸದವರಾಗಿ ಬರುವುದು, ಬೇರೆ ಕೆಲಸ ಮಾಡುವುದು ಎಂದೆ. ಅವನು ತಲೆ ಅಲ್ಲಾಡಿಸಿದ. ಹಾಕಿ ಎಂದು ಬರೆದರೆ ಆ ಹದಿನಾಲ್ಕು ವರ್ಷ ಬೇರೆ ಯಾರದೋ ಆಗುತ್ತದೆ, ಹಾಗೆ ಬರೆದು ಸಿಗುವ ಕೆಲಸ ಬೇಡ ಎಂದ.

ನಾಲ್ಕನೆಯದು ಹೊಡೆಯುವಾಗ ಅವನ ಹೆಂಡತಿ ಬಂದು, ತಮ್ಮ ಭಾಷೆಯಲ್ಲೂ ಅದನ್ನು ಚೆಂಡಿನ ಹಾಕಿ ಎಂದೇ ಕರೆಯುವುದು ಎಂದಳು. ನಾನು ಕೈ ನಿಲ್ಲಿಸಿ ಅವನ ಮುಖ ನೋಡಿದೆ.

"ಚೆಂಡಿನ," ಎಂದ ಅವನು.

ಅಷ್ಟರಲ್ಲಿ ಆ ಹಾಳೆಯೂ ಕೆಟ್ಟಿತ್ತು. ಬ್ಯಾಂಡಿ ಎಂದೇ ಇದ್ದ ಐದನೆಯದು ರಿಂಕ್‌ನವರಿಗೆ ಹೋಯಿತು.

ಕೆಲಸ ಸಿಕ್ಕಿತು. ತಿಂಗಳ ನಂತರ ವೀಸಾದ ಅರಬ್ಬಿ ಓದಿಸಲು ಅವನು ಪಾಸ್‌ಪೋರ್ಟ್ ತಂದ. ನನ್ನ ಗಂಡ ಓದಿ, ನಗು ತಡೆದುಕೊಂಡು, "ಟೈಲರ್" ಎಂದರು. ಕಂಪನಿಯ ಹತ್ತಿರ ಖಾಲಿ ಇದ್ದದ್ದು ಟೈಲರ್ ವೀಸಾ ಒಂದೇ ಇರಬೇಕು.

ಅವನು ಪಾಸ್‌ಪೋರ್ಟ್ ಮುಚ್ಚಿ ಜೇಬಿಗಿಟ್ಟ. ಪಾಸ್‌ಪೋರ್ಟನ್ನು ಕಂಪನಿಯವರಿಗೆ ಕೊಟ್ಟು ಕೆಲಸಕ್ಕೆ ಸೇರುತ್ತೇನೆ, ಆದರೆ ತನ್ನ ಹತ್ತಿರ ಇಟ್ಟುಕೊಳ್ಳಲು ಆ ಬಯೋಡೇಟಾದ ಇನ್ನೊಂದು ಪ್ರತಿ ಬೇಕು ಎಂದ.

"ಮಾಫಿ," ಎಂದೆ, ಇಲ್ಲ ಅನ್ನಲು ಅಲ್ಲಿ ಎಲ್ಲರೂ ಹೇಳುವ ಅರಬ್ಬಿ ಮಾತು. ರಿಬ್ಬನ್ ಸವೆದಿತ್ತು, ಅವತ್ತೂ ಅಕ್ಕಿ ನೆನೆಯುತ್ತಿತ್ತು. ಅವನು ಏಳಲಿಲ್ಲ. ಕೊನೆಗೆ ಹಾಳೆ ಸಿಕ್ಕಿಸಿ, ತಲೆಬರಹದಲ್ಲಿ ಬ್ಯಾಂಡಿ ಎಂದು ನಾನೇ ದೊಡ್ಡಕ್ಷರದಲ್ಲಿ ಹೊಡೆದೆ.

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ. ಹದಿನಾಲ್ಕು ವರ್ಷದ ಜಾಗದಲ್ಲಿ ಹದಿಮೂರಾಗಿದೆ ಎಂದ.

ಏಳನೆಯ ಹಾಳೆ ತೆಗೆದೆ.